ಬೆಳಕಿಗೆ ಹಿಡಿದು ನೋಡಬೇಕಾದ ಬಣ್ಣ

ಸೀರೆಗೆ ರವಿಕೆ ಬಟ್ಟೆ ಹುಡುಕುವ ಹೆಂಗಸರು ಅಂಗಡಿಯ ಒಳಗೆ ನಿಂತು ಯಾವತ್ತೂ ತೀರ್ಮಾನ ಮಾಡುವುದಿಲ್ಲ. ಸುತ್ತಿಟ್ಟ ಬಟ್ಟೆಯ ಥಾನ್ ಬಿಚ್ಚಿಸುತ್ತಾರೆ. ಸೆರಗಿನ ಮೇಲೆ ಹಾಸಿ ನೋಡುತ್ತಾರೆ. ಆಮೇಲೆ ಎರಡನ್ನೂ ಎತ್ತಿಕೊಂಡು ಬಾಗಿಲಿನ ಹೊರಗೆ ಬರುತ್ತಾರೆ. ಹಗಲಿನ ಬೆಳಕಿಗೆ ಹಿಡಿದು, ತಲೆ ಓರೆ ಮಾಡಿ ನೋಡಿ, ಮನಸ್ಸಿಗೆ ಬಂದರೆ 'ಹ್ಞೂಂ, ಕತ್ತರಿಸಿ' ಅನ್ನುತ್ತಾರೆ. ಬರದಿದ್ದರೆ ಮತ್ತೆ ಒಳಗೆ ಬಂದು ಇನ್ನೊಂದು ಥಾನ್.

ನನ್ನ ಚಿಕ್ಕಮ್ಮ ಈ ರವಿಕೆ ಬಟ್ಟೆಯ ವ್ಯಾಪಾರವನ್ನು 34 ವರ್ಷ ಮಾಡಿದರು. 1988ರಿಂದ 30 ವರ್ಷ ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಅಡ್ಡರಸ್ತೆಯಲ್ಲಿ ಅವರ ಮ್ಯಾಚಿಂಗ್ ಸೆಂಟರ್ ಇತ್ತು. ಕೊನೆಯ ನಾಲ್ಕೂವರೆ ವರ್ಷ ಒಂದು ಮಾಲಿನ ಮೊದಲ ಮಹಡಿಯಲ್ಲಿ. 2022ರ ಡಿಸೆಂಬರಿನಲ್ಲಿ ಆ ಅಂಗಡಿಯ ಶಟರ್ ಕೊನೆಯ ಸಲ ಎಳೆದಾಗ ನಾನು ಪಕ್ಕದಲ್ಲಿದ್ದೆ. ಮಾಲ್ ಯಾವುದು ಅನ್ನುವುದು ಇಲ್ಲಿ ಬೇಡ. ಅಲ್ಲಿ ನಡೆದದ್ದು ಎಷ್ಟೋ ಊರುಗಳ ಮಾಲ್‌ಗಳಲ್ಲಿ ಸಣ್ಣ ಅಂಗಡಿಯವರಿಗೆ ನಡೆದಿದೆ. ಆದರೆ ಅದು ಹೇಗೆ ನಡೆಯಿತು ಅನ್ನುವುದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು.

ಹಳೆಯ ಅಂಗಡಿ 11 ಅಡಿ ಅಗಲ, 12 ಅಡಿ ಉದ್ದ. ಮೂರು ಗೋಡೆಗೂ ನೆಲದಿಂದ ಮಾಡಿನವರೆಗೆ ಮರದ ಹಲಗೆ. ಅದರ ತುಂಬ ಟೂ ಬೈ ಟೂ ರೂಬಿಯಾ, ಪಾಪ್ಲಿನ್, ಲೈನಿಂಗ್ ಬಟ್ಟೆಯ ಥಾನ್‌ಗಳು. ಗಾಜಿನ ಕೌಂಟರಿನ ಒಳಗೆ ಹುಕ್ಸ್, ಪ್ರೆಸ್ ಬಟನ್, ಜಿಪ್, ದಾರದ ಉಂಡೆ, ಸೀರೆ ಫಾಲ್. ಬಾಗಿಲಿನ ಮೇಲೆ ಸಾಲಾಗಿ ತೂಗುಬಿಟ್ಟ ಲೇಸು ಮತ್ತು ಜರಿ ಅಂಚು. ಗಾಳಿ ಬಂದರೆ ಅವು ಅಲ್ಲಾಡುತ್ತಿದ್ದವು. ದೂರದಿಂದಲೇ ಅಂಗಡಿ ಗುರುತು ಸಿಗುತ್ತಿದ್ದದ್ದು ಅದರಿಂದ. ಬೋರ್ಡ್ ಓದುವವರು ಕಡಿಮೆ.

ಹಸಿರು ಒಂದರಲ್ಲೇ ಎರಡು ಹಲಗೆ ತುಂಬಿತ್ತು. ಗಿಣಿ ಹಸಿರು, ಎಲೆ ಹಸಿರು, ಪಾಚಿ ಹಸಿರು, ಬಾಳೆಸುಳಿ, ಮಾವಿನ ಚಿಗುರು, ಬಾಟಲ್ ಗ್ರೀನ್, ರಾಮಾ ಗ್ರೀನ್. ಪಕ್ಕದಲ್ಲಿ ಈರುಳ್ಳಿ ಸಿಪ್ಪೆ, ಕಾಫಿ ಪುಡಿ, ಆನಂದ ನೀಲಿ. ಎಂ.ಎಸ್. ಸುಬ್ಬುಲಕ್ಷ್ಮಿ ಉಡುತ್ತಿದ್ದ ಕಾಂಜೀವರಂ ಸೀರೆಯಿಂದ ಹೆಸರು ಪಡೆದ ಎಂ.ಎಸ್. ನೀಲಿ. ಶಾಲೆಯಲ್ಲಿ ನಾನು ಏಳು ಬಣ್ಣ ಕಲಿತೆ. ಉಳಿದದ್ದೆಲ್ಲ ಕಲಿತದ್ದು ಬೇಸಿಗೆ ರಜೆಯಲ್ಲಿ ಆ ಅಂಗಡಿಯ ಸ್ಟೂಲಿನ ಮೇಲೆ ಕೂತು.

ಬಾಗಿಲಿಗೆ ಬಂದು ನೋಡುವುದು ಸುಮ್ನೆ ಒಂದು ಅಭ್ಯಾಸ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ರೇಷ್ಮೆಗೆ ಹಾಕುವ ಬಣ್ಣ ಬೇರೆ, ಹತ್ತಿಗೆ ಹಾಕುವ ಬಣ್ಣ ಬೇರೆ, ಪಾಲಿಯೆಸ್ಟರಿಗೆ ಹಾಕುವುದು ಇನ್ನೂ ಬೇರೆ. ರೇಷ್ಮೆ ಸೀರೆಯೂ ಹತ್ತಿಯ ರವಿಕೆ ಬಟ್ಟೆಯೂ ಟ್ಯೂಬ್‌ಲೈಟಿನ ಕೆಳಗೆ ಒಂದೇ ಥರ ಕಾಣಬಹುದು. ಬಿಸಿಲಿಗೆ ತಂದರೆ ಒಂದು ಕೆಂಪಿಗೆ ತಿರುಗುತ್ತದೆ, ಇನ್ನೊಂದು ನೇರಳೆಗೆ. ಒಂದೊಂದು ದೀಪದ ಬೆಳಕೂ ಒಂದೊಂದು ಥರ. ಮದುವೆ ಮನೆಯ ಚಪ್ಪರದಲ್ಲಿ ನಿಂತಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಅದಕ್ಕೇ ಚಿಕ್ಕಮ್ಮ ಗಿರಾಕಿ ಅವಸರ ಮಾಡಿದರೂ ಬಿಡುತ್ತಿರಲಿಲ್ಲ. 'ಹೊರಗೆ ಹೋಗಿ ನೋಡ್ಕೊಂಡು ಬಾ ತಂಗಿ, ಆಮೇಲೆ ಕತ್ತರಿ ಹಾಕ್ತೀನಿ. ಕತ್ತರಿಸಿದ ಮೇಲೆ ನಂದೂ ಅಲ್ಲ, ನಿಂದೂ ಅಲ್ಲ.'

ಗಿರಾಕಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಶಿವಮೊಗ್ಗದವರಲ್ಲ. ತೀರ್ಥಹಳ್ಳಿ, ಹೊಸನಗರ, ರಿಪ್ಪನ್‌ಪೇಟೆ, ಆಯನೂರು, ಕುಂಸಿ, ಮಂಡಗದ್ದೆ ಕಡೆಯವರು. ಬೆಳಿಗ್ಗೆ ಬಸ್ಸಿಗೆ ಬಂದು, ಆಸ್ಪತ್ರೆಯದ್ದೋ ಕೋರ್ಟಿನದ್ದೋ ಒಂದು ಕೆಲಸ ಮುಗಿಸಿ, ಸಂಜೆಯ ಬಸ್ಸಿಗೆ ವಾಪಸ್ ಹೋಗುವವರು. ಬಸ್‌ಸ್ಟ್ಯಾಂಡಿನಿಂದ ಶಿವಪ್ಪ ನಾಯಕ ಸರ್ಕಲ್ ದಾಟಿದರೆ ಗಾಂಧಿ ಬಜಾರ್. ನಡೆದೇ ಬರಬಹುದು. ಹಾಗಾಗಿ ಅಂಗಡಿ ಅನ್ನುವುದು ಅವರಿಗೆ ಬಸ್ಸು ಕಾಯುವ ಜಾಗವೂ ಆಗಿತ್ತು. ಚೀಲ ಇಟ್ಟು ಹೋಗುವರು. ಮಗುವಿಗೆ ಹಾಲು ಕುಡಿಸಲು ಒಳಗಿನ ಮೂಲೆಯಲ್ಲಿ ಕೂರುವರು. ಯಾವ ಊರಿನ ಬಸ್ಸು ಎಷ್ಟು ಹೊತ್ತಿಗೆ ಅನ್ನುವುದು ಚಿಕ್ಕಮ್ಮನಿಗೆ ಬಾಯಿಪಾಠ. 'ನಿಮ್ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇದೆ, ನಿಧಾನ ನೋಡಿ' ಅನ್ನುವುದನ್ನು ಎಷ್ಟು ಸಲ ಕೇಳಿದ್ದೇನೋ.

ಉದ್ರಿ ಪುಸ್ತಕ ಇನ್ನೊಂದು ದೊಡ್ಡ ವಿಷಯ. ಮಲೆನಾಡಿನಲ್ಲಿ ದುಡ್ಡು ತಿಂಗಳಿಗೊಮ್ಮೆ ಬರುವುದಿಲ್ಲ. ತೋಟದವರಿಗೆ ಅದು ಬರುವುದು ಅಡಿಕೆ ಗೊನೆ ಕೊಯ್ಲಾಗಿ, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿದ ಮೇಲೆ. ಆದರೆ ಖರ್ಚು ಕಾಯುವುದಿಲ್ಲ ಅಲ್ವಾ? ಗೌರಿ ಹಬ್ಬ ಬರುವುದು ಕೊಯ್ಲಿಗೆ ಮೊದಲು, ಮಳೆ ಇನ್ನೂ ಹಿಡಿದಿರುವಾಗ. ಬಾಗಿನದ ಮೊರಕ್ಕೆ ರವಿಕೆ ಕಣ ಬೇಕು. ಅರಿಶಿನ ಕುಂಕುಮಕ್ಕೆ ಬೇಕು. ಎರಡು ವರ್ಷಕ್ಕೊಮ್ಮೆ ನಮ್ಮ ಕೋಟೆ ಮಾರಿಕಾಂಬೆ ಜಾತ್ರೆ, ಮೂರು ವರ್ಷಕ್ಕೊಮ್ಮೆ ಸಾಗರದ್ದು. ಅಮ್ಮನಿಗೆ ಉಡಿ ತುಂಬಲು ಕಣ ಬೇಕು. 'ಬರ್ಕೊಳ್ಳಿ ಅಕ್ಕಾ, ಕೊಯ್ಲಾದ ಮೇಲೆ ಕೊಡ್ತೀನಿ' ಅಂದರೆ ಚಿಕ್ಕಮ್ಮ ಬರೆದುಕೊಳ್ಳುತ್ತಿದ್ದರು. ಹೆಸರಿನ ಮುಂದೆ ಊರು, ಊರಿನ ಮುಂದೆ ಮೊತ್ತ. ಸಂಕ್ರಾಂತಿ ಕಳೆದ ಮೇಲೆ ಒಬ್ಬೊಬ್ಬರಾಗಿ ಬಂದು, ದುಡ್ಡು ಕೊಟ್ಟು, ಹೆಸರಿಗೆ ಗೆರೆ ಹೊಡೆಸುತ್ತಿದ್ದರು. ಮಳೆ ಜಾಸ್ತಿಯಾಗಿ ತೋಟಕ್ಕೆ ಕೊಳೆ ರೋಗ ಬಂದ ವರ್ಷ ಪುಸ್ತಕದಲ್ಲಿ ಗೆರೆ ಹೊಡೆಯದ ಹೆಸರು ಜಾಸ್ತಿ ಉಳಿಯುತ್ತಿತ್ತು. ಅಂಥ ವರ್ಷ ಚಿಕ್ಕಮ್ಮನೂ ಬೆಂಗಳೂರಿನ ಸಗಟು ವ್ಯಾಪಾರಿಯ ಹತ್ತಿರ ಎರಡು ತಿಂಗಳು ಜಾಸ್ತಿ ಸಮಯ ಕೇಳುತ್ತಿದ್ದರು. ಅವರೂ ಕೊಡುತ್ತಿದ್ದರು. ಅಂದರೆ ತೋಟದಲ್ಲಿ ಉದುರಿದ ಅಡಿಕೆಯ ಭಾರ ಇಷ್ಟಿಷ್ಟೇ ಹಂಚಿಕೊಂಡು ಚಿಕ್ಕಪೇಟೆಯವರೆಗೂ ಹೋಗುತ್ತಿತ್ತು.

ರವಿಕೆ ಕಣದ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಹಬ್ಬಕ್ಕೆ ಕೊಟ್ಟ ಕಣವನ್ನು ಎಲ್ಲರೂ ಹೊಲಿಸುವುದಿಲ್ಲ. ಬೀರುವಿನಲ್ಲಿಟ್ಟು, ಮುಂದಿನ ಅರಿಶಿನ ಕುಂಕುಮಕ್ಕೆ ಇನ್ನೊಬ್ಬರಿಗೆ ಕೊಡುತ್ತಾರೆ. ಅವರು ಮತ್ತೊಬ್ಬರಿಗೆ. ಒಮ್ಮೆ ಚಿಕ್ಕಮ್ಮ ಯಾರದ್ದೋ ಮನೆಯ ಪೂಜೆಗೆ ಹೋದಾಗ ಅವರ ತಟ್ಟೆಗೇ ತಮ್ಮ ಅಂಗಡಿಯ ಕಣ ಬಂತು. ಮಡಿಕೆಯಲ್ಲೇ ಗುರುತು ಸಿಕ್ಕಿತಂತೆ. ಎಷ್ಟು ಮನೆ ತಿರುಗಿತ್ತೋ. 'ತವರಿಗೆ ಬಂತು ನೋಡು' ಅಂತ ತುಂಬ ಖುಷಿಯಿಂದ ಹೇಳಿದ್ದರು.

2018ರಲ್ಲಿ ಆ ಕಟ್ಟಡ ಹೋಯಿತು. ಹೆಂಚಿನ ಮಾಡಿನ ಹಳೆಯ ಕಟ್ಟಡ ಅದು. ಮಾಲೀಕರು ತೀರಿಕೊಂಡ ಮೇಲೆ ಮಕ್ಕಳು ಕೆಡವಿ ಮೂರು ಮಹಡಿ ಕಟ್ಟುವ ನಿರ್ಧಾರ ಮಾಡಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಾಡು ಸೋರುತ್ತಿತ್ತು, ಒಂದು ಗೋಡೆ ಬಿರುಕು ಬಿಟ್ಟಿತ್ತು. ಅವರು ಆರು ತಿಂಗಳು ಮೊದಲೇ ಹೇಳಿದರು. ಹೊಸ ಕಟ್ಟಡದಲ್ಲಿ ಜಾಗ ಕೊಡುತ್ತೇವೆ ಅಂದರು, ಆದರೆ ಆಗ ಹೇಳಿದ ಮುಂಗಡ ನಮ್ಮ ಕೈಗೆಟುಕುವಷ್ಟು ಇರಲಿಲ್ಲ. ಹತ್ತಿರದಲ್ಲೇ ಬೇರೆ ಮಳಿಗೆ ಹುಡುಕಿದೆವು. ಸಿಕ್ಕಿದ್ದಕ್ಕೆ ಬಾಡಿಗೆ ಜಾಸ್ತಿ, ಬಾಡಿಗೆ ಸರಿಯಿದ್ದರೆ ಜಾಗ ತೀರಾ ಒಳಗೆ.

ಅದೇ ಹೊತ್ತಿಗೆ ಮಾಲಿನವರು ಮಳಿಗೆಗಳಿಗೆ ಜನ ಹುಡುಕುತ್ತಿದ್ದರು. ಮಾತಾಡಲು ಬಂದ ಹುಡುಗ ಬಹಳ ಮರ್ಯಾದೆಯಿಂದ ಮಾತಾಡಿದ. 'ಆಂಟಿ, ದೊಡ್ಡ ಬ್ರ್ಯಾಂಡ್ ಜೊತೆಗೆ ಲೋಕಲ್ ಅಂಗಡಿಯೂ ಇದ್ದರೆ ಮಾಲಿಗೆ ಕಳೆ. ಮಳೆಗಾಲದಲ್ಲಿ ಜನ ಎಲ್ಲಿ ಹೋಗ್ತಾರೆ? ಇಲ್ಲಿಗೇ ಬರ್ತಾರೆ' ಅಂದ. ಮಳೆಯ ಮಾತು ಚಿಕ್ಕಮ್ಮನಿಗೆ ತಾಗಿತು. ಜೂನ್‌ನಿಂದ ಆಗಸ್ಟ್‌ವರೆಗೆ ಅಡ್ಡರಸ್ತೆಯಲ್ಲಿ ವ್ಯಾಪಾರ ಅಷ್ಟಕ್ಕಷ್ಟೇ. ಥಾನ್‌ಗಳಿಗೆ ತೇವ ಹಿಡಿಯುತ್ತದೆ, ಬಿಳಿ ಲೈನಿಂಗ್ ಬಟ್ಟೆಗೆ ಬೂಷ್ಟು ಬರುತ್ತದೆ.

ಇನ್ನೊಂದು ಕಾರಣವೂ ಇತ್ತು, ಅದನ್ನು ಮುಚ್ಚಿಡಬಾರದು. ಹಳೆಯ ಅಂಗಡಿಯಲ್ಲಿ ಶೌಚಾಲಯ ಇರಲಿಲ್ಲ. 30 ವರ್ಷ ಒಬ್ಬ ಹೆಂಗಸು ಬೆಳಿಗ್ಗೆಯಿಂದ ರಾತ್ರಿಯವರೆಗೆ ಪೇಟೆಯಲ್ಲಿ ಕೂತು ವ್ಯಾಪಾರ ಮಾಡಿದ್ದಾರೆ. ಅಷ್ಟು ವರ್ಷವೂ ಸಾಕಷ್ಟು ನೀರು ಕುಡಿದಿಲ್ಲ. ಪರಿಚಯದ ಒಬ್ಬರ ಮನೆ ಹತ್ತಿರ ಇತ್ತು, ಅಲ್ಲಿಗೆ ಹೋಗಿಬರುತ್ತಿದ್ದರು. ಮಾಲ್ ನೋಡಲು ಹೋದ ದಿನ ಚಿಕ್ಕಮ್ಮ ಮೊದಲು ನೋಡಿದ್ದು ಮಳಿಗೆಯನ್ನಲ್ಲ, ಹೆಂಗಸರ ಶೌಚಾಲಯವನ್ನು. ಸ್ವಚ್ಛವಾಗಿತ್ತು. ನೀರು ಬರುತ್ತಿತ್ತು. ಹಳೆಯ ಬಜಾರುಗಳ ಬಗ್ಗೆ ಪ್ರೀತಿಯಿಂದ ಬರೆಯುವ ನಾವೆಲ್ಲ ಈ ಒಂದು ಮಾತನ್ನು ಮರೆತುಬಿಡುತ್ತೇವೆ. ಮಾಲ್ ಕೊಟ್ಟ ಈ ಒಂದು ಅನುಕೂಲವನ್ನು ಪೇಟೆಬೀದಿ ಇವತ್ತಿಗೂ ಅಲ್ಲಿ ದುಡಿಯುವ ಹೆಂಗಸರಿಗೆ ಸರಿಯಾಗಿ ಕೊಟ್ಟಿಲ್ಲ.

ಕರಾರು ಪತ್ರ ನಾನೇ ಓದಿದೆ. ಆಗ ಅರ್ಥವಾಗದ ಎಷ್ಟೋ ಸಂಗತಿ ಆಮೇಲೆ ಅರ್ಥವಾಯಿತು.

ಮೊದಲನೆಯದು ಅಳತೆ. ಕರಾರಿನಲ್ಲಿ 210 ಚದರ ಅಡಿ. ಒಳಗೆ ಟೇಪ್ ಹಿಡಿದರೆ 130. ಉಳಿದದ್ದು ಓಡಾಡುವ ದಾರಿ, ಮೆಟ್ಟಿಲು, ಲಿಫ್ಟು, ಗೋಡೆಯಲ್ಲಿ ನಮ್ಮ ಪಾಲು. ಇದನ್ನು ಸೂಪರ್ ಬಿಲ್ಟ್‌ಅಪ್ ಅನ್ನುತ್ತಾರೆ. ಗಾಂಧಿ ಬಜಾರಿನ ಅಂಗಡಿಗಿಂತ ದೊಡ್ಡದಕ್ಕೆ ಹೋಗುತ್ತಿದ್ದೇವೆ ಅಂದುಕೊಂಡಿದ್ದೆವು. ಹೋದದ್ದು ಒಂದಿಷ್ಟು ಸಣ್ಣದಕ್ಕೇ.

ಬಾಡಿಗೆ ತಿಂಗಳಿಗೆ 17,000. ಅದರ ಮೇಲೆ ಶೇಕಡಾ 18ರಷ್ಟು ಜಿಎಸ್‌ಟಿ, ಅಂದರೆ 3,060. ಸ್ವಚ್ಛತೆ, ಕಾವಲು, ಎಸಿ, ಜನರೇಟರ್ ಎಲ್ಲ ಸೇರಿ ನಿರ್ವಹಣೆ ಶುಲ್ಕ ಇನ್ನೊಂದು ನಾಲ್ಕು ಸಾವಿರ. ಒಟ್ಟು 24,000 ದಾಟುತ್ತಿತ್ತು. ಹಳೆಯ ಅಂಗಡಿಗೆ ನಾವು ಕೊಡುತ್ತಿದ್ದದ್ದು 6,000.

ಈಗ ರವಿಕೆ ಬಟ್ಟೆಯ ಲೆಕ್ಕ ನೋಡಿ. ಒಂದು ರವಿಕೆಗೆ 80 ಸೆಂಟಿಮೀಟರಿನಿಂದ ಒಂದು ಮೀಟರ್ ಬಟ್ಟೆ. ಚಿಕ್ಕಮ್ಮನಿಗೆ ಅದರಲ್ಲಿ ಉಳಿಯುತ್ತಿದ್ದದ್ದು ಹೆಚ್ಚೆಂದರೆ 12 ರೂಪಾಯಿ. ಬರೀ ಬಾಡಿಗೆ ಕಟ್ಟಲು ತಿಂಗಳಿಗೆ 2,000 ರವಿಕೆ ಬಟ್ಟೆ ಮಾರಬೇಕು. ದಿನಕ್ಕೆ 66ಕ್ಕಿಂತ ಜಾಸ್ತಿ. ಒಬ್ಬ ಗಿರಾಕಿಗೆ ಹತ್ತು ನಿಮಿಷ ಅಂದರೂ ಹನ್ನೊಂದು ಗಂಟೆ ಬೇಕು. ಒಂದು ಕ್ಷಣ ಕೂರದೆ, ಒಬ್ಬರೂ 'ನೋಡಿ ಬರ್ತೀನಿ' ಅಂತ ಹೇಳದೆ. ಫಾಲ್, ಲೇಸುಗಳಲ್ಲಿ ಸ್ವಲ್ಪ ಜಾಸ್ತಿ ಲಾಭ ಇರುತ್ತದೆ ಅನ್ನಿ. ಆದರೂ ಈ ಲೆಕ್ಕವನ್ನು ಕರಾರಿಗೆ ಸಹಿ ಹಾಕುವ ಮೊದಲೇ ಮಾಡಬೇಕಿತ್ತು. ನಾವು ಯಾರೂ ಮಾಡಲಿಲ್ಲ.

ಜಿಎಸ್‌ಟಿ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ದೊಡ್ಡ ಅಂಗಡಿಗೂ ಸಣ್ಣ ಅಂಗಡಿಗೂ ಇರುವ ವ್ಯತ್ಯಾಸ ಇಲ್ಲಿ ಕಣ್ಣಿಗೆ ಕಾಣದ ಹಾಗೆ ಕೆಲಸ ಮಾಡುತ್ತದೆ. ಬಾಡಿಗೆಯ ಮೇಲೆ ಕಟ್ಟಿದ ತೆರಿಗೆಯನ್ನು ದೊಡ್ಡ ಬ್ರ್ಯಾಂಡಿನವರು ತಾವು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳುತ್ತಾರೆ. ಹಾಗಾಗಿ ಅವರಿಗೆ ಅದು ಖರ್ಚೇ ಅಲ್ಲ. ಸಣ್ಣ ವ್ಯಾಪಾರಿಗಳು ಲೆಕ್ಕಪತ್ರದ ತಲೆನೋವು ಬೇಡ ಅಂತ ಕಾಂಪೋಸಿಷನ್ ಪದ್ಧತಿಗೆ ಸೇರುತ್ತಾರೆ. ವರ್ಷಕ್ಕೆ ಒಂದೂವರೆ ಕೋಟಿ ಒಳಗೆ ವ್ಯಾಪಾರ ಇದ್ದವರು ಒಟ್ಟು ವ್ಯಾಪಾರದ ಶೇಕಡಾ 1ರಷ್ಟು ಕಟ್ಟಿದರೆ ಮುಗಿಯಿತು. ಸುಲಭ. ಆದರೆ ಈ ಪದ್ಧತಿಯಲ್ಲಿ ಇರುವವರಿಗೆ ಹಾಗೆ ಮುರಿದುಕೊಳ್ಳುವ ಅವಕಾಶ ಇಲ್ಲ. ಒಂದೇ ಮಹಡಿ, ಅಕ್ಕಪಕ್ಕದ ಮಳಿಗೆ. ಒಬ್ಬರಿಗೆ 3,060 ರೂಪಾಯಿ ವಾಪಸ್ ಬಂದ ಹಾಗೆ, ಇನ್ನೊಬ್ಬರಿಗೆ ಕೈಬಿಟ್ಟು ಹೋದ ಹಾಗೆ.

ಇಷ್ಟಾದರೂ ಜನ ಬಂದಿದ್ದರೆ ಹೇಗೋ ನಡೆಯುತ್ತಿತ್ತು. ಬರಲಿಲ್ಲ.

ಅಂದರೆ ಮಾಲಿಗೆ ಜನ ಬರುತ್ತಿದ್ದರು. ಶನಿವಾರ, ಭಾನುವಾರ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆದರೆ ಅವರು ಬರುತ್ತಿದ್ದದ್ದು ಕೆಳಗಿನ ದೊಡ್ಡ ಸೂಪರ್ ಮಾರ್ಕೆಟ್ಟಿಗೆ, ಮೇಲಿನ ಸಿನಿಮಾಕ್ಕೆ, ಅದರ ಪಕ್ಕದ ತಿಂಡಿ ಅಂಗಡಿಗಳಿಗೆ. ಗಾಡಿ ನಿಲ್ಲಿಸುವ ಜಾಗದಿಂದ ಲಿಫ್ಟ್ ಹತ್ತಿದರೆ ಸೀದಾ ಮೇಲೆ. ನಮ್ಮ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದು, ಯಾರೂ ಇಳಿಯದೆ, ಮತ್ತೆ ಮುಚ್ಚಿಕೊಳ್ಳುತ್ತಿತ್ತು. ನಮ್ಮ ಮಳಿಗೆ ಎಸ್ಕಲೇಟರಿನಿಂದ ದೂರದ ಮೂಲೆಯಲ್ಲಿತ್ತು. ಹತ್ತಿರದ ಮಳಿಗೆಗಳನ್ನು ಮೊದಲೇ ದೊಡ್ಡವರು ತೆಗೆದುಕೊಂಡಿದ್ದರು.

ಹಳೆಯ ಗಿರಾಕಿಗಳಿಗೆ ಚಿಕ್ಕಮ್ಮ ಫೋನ್ ಮಾಡಿ ಹೇಳಿದ್ದರು. ಕೆಲವರು ಬಂದರು. ಬಾಗಿಲಲ್ಲಿ ಚೀಲ ತಪಾಸಣೆ ಮಾಡುವ ಯಂತ್ರ ನೋಡಿ, ಚಪ್ಪಲಿ ಬಿಡಬೇಕೋ ಏನೋ ಅಂತ ನಿಂತವರಿದ್ದಾರೆ. ಎಸ್ಕಲೇಟರಿನ ಬುಡದಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು, ಕಾಲು ಮುಂದಿಟ್ಟು, ಹಿಂದಕ್ಕೆ ತೆಗೆದು, ಹಾಗೇ ವಾಪಸ್ ಹೋದ ಹೊಸನಗರ ಕಡೆಯ ಅಜ್ಜಿಯೊಬ್ಬರನ್ನು ನಾನು ನೋಡಿದ್ದೇನೆ. ನಾನು ಓಡಿ ಹೋಗಿ ಮೆಟ್ಟಿಲಿನ ದಾರಿ ತೋರಿಸಿ ಕರೆದುಕೊಂಡು ಬಂದೆ. ಅವರು ಎರಡು ಫಾಲ್ ತೆಗೆದುಕೊಂಡರು. ಹೊರಡುವಾಗ ಚಿಕ್ಕಮ್ಮನ ಕೈ ಹಿಡಿದು, 'ಇಲ್ಲಿ ಯಾಕೆ ಬಂದೆ ಮಾರಾಯ್ತಿ' ಅಂದರು. ಬೈದದ್ದಲ್ಲ. ಕಳವಳದಿಂದ ಕೇಳಿದ್ದು. ಚಿಕ್ಕಮ್ಮನಿಗೆ ಉತ್ತರ ಹೇಳಲು ಆಗಲಿಲ್ಲ.

ಮತ್ತೆ ಬೆಳಕು. ಮಾಲಿನಲ್ಲಿ ಕಿಟಕಿಯೇ ಇಲ್ಲ. ಮೇಲಿನಿಂದ ಎಲ್‌ಇಡಿ ದೀಪ, ಅದೂ ಓಡಾಡುವ ದಾರಿಯಲ್ಲಿ ಒಂದು ಥರ, ಮಳಿಗೆಯಲ್ಲಿ ಇನ್ನೊಂದು ಥರ. ಗಿರಾಕಿಗಳು ಅಭ್ಯಾಸದಂತೆ ಸೀರೆ, ಥಾನ್ ಎತ್ತಿಕೊಂಡು ಬಾಗಿಲಿಗೆ ಬರುತ್ತಿದ್ದರು. ಅಲ್ಲಿ ನಿಂತು ಸುತ್ತ ನೋಡುತ್ತಿದ್ದರು. ಬಾಗಿಲು ಇತ್ತು, ಹೊರಗು ಇರಲಿಲ್ಲ. ಹಗಲು ನೋಡಬೇಕಾದರೆ ಒಂದು ಮಹಡಿ ಇಳಿದು, ಸೂಪರ್ ಮಾರ್ಕೆಟ್ ದಾಟಿ, ಕಾವಲಿನವರಿಗೆ ಹೇಳಿ, ಮುಖ್ಯ ಬಾಗಿಲಿಗೆ ಹೋಗಬೇಕು. ಚಿಕ್ಕಮ್ಮ ಮೊದಮೊದಲು ಥಾನ್ ಕಂಕುಳಲ್ಲಿ ಇಟ್ಟುಕೊಂಡು ಗಿರಾಕಿಯ ಜೊತೆ ಹಾಗೇ ಹೋಗಿಬರುತ್ತಿದ್ದರು. ಬಿಲ್ ಆಗದ ಬಟ್ಟೆ ಹೊರಗೆ ಒಯ್ಯುವ ಹಾಗಿಲ್ಲ ಅಂತ ಒಂದು ದಿನ ತಡೆದರು. ಕಾವಲಿನ ಹುಡುಗನ ತಪ್ಪಲ್ಲ, ಅವನಿಗೆ ಹಾಗೆ ಹೇಳಿದ್ದರು. ಅದಾದ ಮೇಲೆ 'ಬಣ್ಣ ಬದಲಾಯ್ತು' ಅಂತ ಬಟ್ಟೆ ವಾಪಸ್ ತರುವವರು ಶುರುವಾದರು. ಕತ್ತರಿಸಿದ ಬಟ್ಟೆಯನ್ನು ವಾಪಸ್ ತೆಗೆದುಕೊಂಡು ಏನು ಮಾಡುವುದು? ಆದರೂ ತೆಗೆದುಕೊಳ್ಳುತ್ತಿದ್ದರು. 30 ವರ್ಷದಲ್ಲಿ ಕೇಳದ ಮಾತನ್ನು ಕೇಳಿಸಿಕೊಳ್ಳುವುದಕ್ಕಿಂತ ನಷ್ಟ ಮಾಡಿಕೊಳ್ಳುವುದೇ ವಾಸಿ ಅನ್ನಿಸಿತ್ತು ಅವರಿಗೆ.

ಲೇಸುಗಳನ್ನು ಬಾಗಿಲ ಹೊರಗೆ ತೂಗುಬಿಡುವ ಹಾಗಿರಲಿಲ್ಲ. ಶಟರಿನ ಗೆರೆಯಿಂದ ಒಂದು ಇಂಚೂ ಹೊರಗೆ ಬರಬಾರದು. ಮಧ್ಯಾಹ್ನ ಮುಚ್ಚಬಾರದು, ರಾತ್ರಿ ಒಂಬತ್ತೂವರೆಗೆ ಮೊದಲು ಮುಚ್ಚಬಾರದು, ವಾರದ ರಜೆ ಇಲ್ಲ. ನಮ್ಮ ಅಜ್ಜಿ, ಚಿಕ್ಕಮ್ಮನ ಅಮ್ಮ, 2019ರಲ್ಲಿ ತೀರಿಕೊಂಡರು. ಹಳೆಯ ಅಂಗಡಿಯಾಗಿದ್ದರೆ ಒಂದು ಕಾಗದ ಅಂಟಿಸಿ ಹದಿಮೂರು ದಿನ ಮುಚ್ಚುತ್ತಿದ್ದರು. ಪಕ್ಕದ ಅಂಗಡಿಯವರೇ ಬಂದವರಿಗೆ ವಿಷಯ ಹೇಳುತ್ತಿದ್ದರು. ಮಾಲಿನಲ್ಲಿ ನಾಲ್ಕನೇ ದಿನ ಫೋನ್ ಬಂತು, ಮಳಿಗೆ ಕತ್ತಲೆಯಾಗಿದೆ, ನೋಡಲು ಚೆನ್ನಾಗಿಲ್ಲ ಅಂತ. ನಾನು ಹೋಗಿ ದೀಪ ಹಾಕಿ ಕೂತೆ. ಆ ವಾರ ಒಬ್ಬರೂ ಬರಲಿಲ್ಲ. ಬಂದಿದ್ದರೂ ನನಗೆ ಗಿಣಿ ಹಸಿರಿಗೂ ಬಾಳೆಸುಳಿಗೂ ವ್ಯತ್ಯಾಸ ಹೇಳುವ ಮನಸ್ಸಿರಲಿಲ್ಲ.

ನಮ್ಮ ಸಾಲಿನಲ್ಲಿ ಹೀಗೆ ಊರಿನವರದ್ದೇ ಆರು ಮಳಿಗೆಗಳಿದ್ದವು. ಗ್ರೀಟಿಂಗ್ ಕಾರ್ಡ್ ಮತ್ತು ಗಿಫ್ಟ್ ಅಂಗಡಿ ಮೊದಲು ಹೋಯಿತು. ಆಮೇಲೆ ಮೊಬೈಲ್ ರಿಪೇರಿ ಹುಡುಗ. ಬಳೆ ಅಂಗಡಿಯವರು ಎರಡು ದೀಪಾವಳಿ ನೋಡಿದರು. ಒಂದೊಂದು ಮಳಿಗೆ ಖಾಲಿಯಾದಾಗಲೂ ಅದಕ್ಕೆ ಫ್ಲೆಕ್ಸ್ ಹೊದಿಸಿ 'ಶೀಘ್ರದಲ್ಲಿ' ಅಂತ ಬರೆಯುತ್ತಿದ್ದರು. ಸಾಲಿನಲ್ಲಿ ಎರಡು ಮಳಿಗೆ ಮುಚ್ಚಿದರೆ ಜನ ಆ ಕಡೆ ತಿರುಗುವುದೇ ಬಿಡುತ್ತಾರೆ. ಉಳಿದವರ ವ್ಯಾಪಾರ ಅದರಿಂದಲೇ ಇನ್ನೂ ಬೀಳುತ್ತದೆ. ಪೇಟೆಬೀದಿಯಲ್ಲಿ ಒಂದು ಅಂಗಡಿ ಮುಚ್ಚಿದರೂ ರಸ್ತೆ ನಡೆಯುತ್ತಿರುತ್ತದೆ. ಯಾಕೆಂದರೆ ಆ ರಸ್ತೆ ಇನ್ನೆಲ್ಲಿಗೋ ಹೋಗುತ್ತದೆ. ಮಾಲಿನ ಮೂಲೆ ಎಲ್ಲಿಗೂ ಹೋಗುವುದಿಲ್ಲ.

ಆಮೇಲೆ ಕೊರೋನಾ. 2020ರ ಮಾರ್ಚ್ 25ರಿಂದ ಎಲ್ಲವೂ ಬಂದ್. ಮೇ ತಿಂಗಳಲ್ಲಿ ಬೀದಿಬದಿಯ ಅಂಗಡಿಗಳು ನಿಧಾನಕ್ಕೆ ಬಾಗಿಲು ತೆರೆದವು. ಮಾಲ್‌ಗಳಿಗೆ ಅನುಮತಿ ಸಿಕ್ಕಿದ್ದು ಜೂನ್ 8ಕ್ಕೆ. ಮದುವೆ ಸೀಸನ್ನೇ ಅಷ್ಟರಲ್ಲಿ ಮುಗಿದಿತ್ತು. ಮುಂದಿನ ವರ್ಷವೂ ಅದೇ ಕಥೆ, 2021ರಲ್ಲಿ ಮಾಲ್ ತೆರೆಯಲು ಜುಲೈ 5ರವರೆಗೆ ಕಾಯಬೇಕಾಯಿತು. ಬಾಡಿಗೆಯಲ್ಲಿ ಅರ್ಧ ಬಿಟ್ಟರು, ಆದರೆ ನಿರ್ವಹಣೆ ಶುಲ್ಕ ಪೂರ್ತಿ ಕಟ್ಟಿಸಿಕೊಂಡರು. ಓಡದ ಎಸಿಗೆ, ಚಲಿಸದ ಎಸ್ಕಲೇಟರಿಗೆ. ಇದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ. ಚಿಕ್ಕಪ್ಪ ತಮ್ಮ ಪಿಎಫ್ ದುಡ್ಡಿನಿಂದ ಅದನ್ನು ಕಟ್ಟಿದರು.

ಎಲ್ಲವನ್ನೂ ಮಾಲಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ರವಿಕೆ ಬಟ್ಟೆಯ ವ್ಯಾಪಾರವೇ ಬದಲಾಗುತ್ತಿದೆ. ಸೀರೆ ಉಡುವ ದಿನಗಳು ಕಡಿಮೆಯಾಗಿವೆ. ಹೊಸ ಸೀರೆಗಳಲ್ಲಿ ರವಿಕೆ ಬಟ್ಟೆ ಸೇರಿಯೇ ಬರುತ್ತದೆ. ಎಳೆದರೆ ಹಿಗ್ಗುವ ರೆಡಿಮೇಡ್ ರವಿಕೆಗಳು ಆನ್‌ಲೈನಿನಲ್ಲಿ ಸಿಗುತ್ತವೆ. ನನ್ನ ಹತ್ತಿರವೂ ಎರಡಿವೆ. ಹೊಲಿಸುವ ಕೂಲಿ ಬಟ್ಟೆಯ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿಯಾಗಿರುವಾಗ ಜನ ಬೇರೆ ದಾರಿ ಹುಡುಕುವುದು ಸಹಜ. ಆದರೂ ಗಾಂಧಿ ಬಜಾರಿನಲ್ಲಿ, ದುರ್ಗಿಗುಡಿಯಲ್ಲಿ ಮ್ಯಾಚಿಂಗ್ ಸೆಂಟರುಗಳು ಇವತ್ತಿಗೂ ನಡೆಯುತ್ತಿವೆ. ಹಬ್ಬದ ಹಿಂದಿನ ವಾರ ಹೋಗಿ ನೋಡಿ, ಕೌಂಟರಿನ ಮುಂದೆ ಮೂರು ಸಾಲು. ವ್ಯಾಪಾರ ಸಣ್ಣದಾಗಿದೆ, ಸತ್ತಿಲ್ಲ. ಸಣ್ಣದಾದ ವ್ಯಾಪಾರಕ್ಕೆ ಸಣ್ಣ ಬಾಡಿಗೆ, ಹತ್ತಿರದ ಬಸ್‌ಸ್ಟ್ಯಾಂಡು, ಒಂದಿಷ್ಟು ಬಿಸಿಲು ಇದ್ದರೆ ಬದುಕುತ್ತದೆ.

ನನಗೆ ನಿಜವಾಗಿ ನೋವಾಗುವುದು ಉದ್ರಿ ಪುಸ್ತಕ ನೆನೆದಾಗ. ಮಾಲಿಗೆ ಬಂದ ಮೊದಲ ವರ್ಷವೂ ಚಿಕ್ಕಮ್ಮ ಅದನ್ನು ಇಟ್ಟಿದ್ದರು. ಎರಡನೇ ವರ್ಷ ನಿಲ್ಲಿಸಿದರು. ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಬಾಡಿಗೆ ಕಟ್ಟಬೇಕು, ಇಲ್ಲದಿದ್ದರೆ ಬಡ್ಡಿ. ಗೌರಿ ಹಬ್ಬಕ್ಕೆ ಕೊಟ್ಟ ಬಟ್ಟೆಯ ದುಡ್ಡು ಜನವರಿಗೆ ಬರುತ್ತದೆ ಅಂದರೆ ಮಧ್ಯದ ನಾಲ್ಕು ತಿಂಗಳು ಯಾರು ಹೊರುವುದು? ಮಲೆನಾಡು ನಡೆಯುವುದು ಅಡಿಕೆಯ ವರ್ಷದ ಮೇಲೆ. ಮಾಲ್ ನಡೆಯುವುದು ತಿಂಗಳ ಮೇಲೆ. ಈ ಎರಡರ ನಡುವೆ ಚಿಕ್ಕಮ್ಮ ಸಿಕ್ಕಿಕೊಂಡರು. 'ಬರ್ಕೊಳ್ಳಿ ಅಕ್ಕಾ' ಅಂದವರಿಗೆ ಮೊದಲ ಸಲ 'ಇಲ್ಲ ಕಣಮ್ಮ, ಈಗ ಆಗಲ್ಲ' ಅಂದ ದಿನ ರಾತ್ರಿ ಅವರು ಊಟ ಮಾಡಲಿಲ್ಲ ಅಂತ ಚಿಕ್ಕಪ್ಪ ಆಮೇಲೆ ಹೇಳಿದರು.

ಮಾಲ್ ಕಟ್ಟುವವರು ಮನಸ್ಸು ಮಾಡಿದರೆ ಕೆಲವು ಕೆಲಸ ಆಗುತ್ತಿತ್ತು. ದೊಡ್ಡ ಬ್ರ್ಯಾಂಡುಗಳಿಗೆ ಮಾರಾಟದಲ್ಲಿ ಇಷ್ಟು ಪಾಲು ಅಂತ ಬಾಡಿಗೆ ಮಾತಾಡುವ ಪದ್ಧತಿ ಇದೆ. ವ್ಯಾಪಾರ ಬಿದ್ದರೆ ಬಾಡಿಗೆಯೂ ಬೀಳುತ್ತದೆ. ಅದನ್ನೇ ಸಣ್ಣವರಿಗೂ ಕೊಡಬಹುದಿತ್ತು. ಊರಿನ ಅಂಗಡಿಗಳನ್ನು ನೆಲಮಹಡಿಯಲ್ಲಿ, ರಸ್ತೆಗೆ ಮುಖ ಮಾಡಿ ಇಡಬಹುದಿತ್ತು. ನಾನು ಎರಡು ಸಲ ಪತ್ರ ಬರೆದು ಕೇಳಿದೆ. ಉತ್ತರ ಬರಲಿಲ್ಲ. ನಾವು ಆರು ಮಳಿಗೆಯವರು ಒಟ್ಟಾಗಿ ಹೋಗಿ ಕೇಳಿದ್ದರೆ ಏನಾಗುತ್ತಿತ್ತೋ. ಅಷ್ಟು ಹೊತ್ತಿಗೆ ಮೂವರೇ ಉಳಿದಿದ್ದೆವು.

ಕೊನೆಯ ದಿನ ಥಾನ್‌ಗಳನ್ನು ಮೂಟೆ ಕಟ್ಟಿ ಲಗೇಜ್ ಆಟೋಗೆ ತುಂಬಿದೆವು. ಸರ್ವಿಸ್ ಲಿಫ್ಟಿನಲ್ಲಿ ಏಳು ಸಲ ಇಳಿಸಿದೆವು. ಹೆಚ್ಚಿನ ಪಾಲನ್ನು ಚಿಕ್ಕಮ್ಮನಿಗೆ ಗುರುತಿದ್ದ ಇನ್ನೊಂದು ಮ್ಯಾಚಿಂಗ್ ಸೆಂಟರಿನವರು ಕೊಂಡರು. ಅರ್ಧ ಬೆಲೆಗೆ. ಹಸಿರಿನ ಎರಡು ಹಲಗೆಯಷ್ಟನ್ನು ಮಾತ್ರ ಚಿಕ್ಕಮ್ಮ ಕೊಡಲಿಲ್ಲ.

ಈಗ ಅವರಿಗೆ 64 ವರ್ಷ. ದುರ್ಗಿಗುಡಿಯ ಹಿಂದಿನ ರಸ್ತೆಯಲ್ಲಿ ಪರಿಚಯದ ಟೈಲರ್ ಒಬ್ಬರ ಅಂಗಡಿಯ ಮುಂದಿನ ಭಾಗದಲ್ಲಿ ನಾಲ್ಕು ಹಲಗೆ ಹಾಕಿಸಿಕೊಂಡಿದ್ದಾರೆ. ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ, ಸಂಜೆ ಆರಕ್ಕೆ ವಾಪಸ್. ಬಾಡಿಗೆ ಅಂತ ಏನಿಲ್ಲ, ಟೈಲರಿಗೆ ಬೇಕಾದ ಲೈನಿಂಗ್ ಮತ್ತು ದಾರ ಇವರದ್ದು. ಫೋನಿಗೆ ಸೀರೆಯ ಫೋಟೋ ಕಳಿಸಿ 'ಇದಕ್ಕೆ ಮ್ಯಾಚಿಂಗ್ ಇದೆಯಾ' ಅಂತ ಕೇಳುವ ಹುಡುಗಿಯರಿದ್ದಾರೆ. ಎಲ್ಲರಿಗೂ ಒಂದೇ ಉತ್ತರ: 'ಫೋಟೋದಲ್ಲಿ ಬಣ್ಣ ಬರಲ್ಲ ಪುಟ್ಟಿ, ಸೀರೆ ತಗೊಂಡು ಬಾ.'

ಕಳೆದ ಆಷಾಢದಲ್ಲಿ ನಾನೂ ಅಮ್ಮನ ಹಳೆಯ ಸೀರೆಯೊಂದನ್ನು ತೆಗೆದುಕೊಂಡು ಹೋಗಿದ್ದೆ. ಮಾವಿನ ಚಿಗುರಿನ ಬಣ್ಣದ್ದು, ಅಂಚು ಮಾಸಿತ್ತು. ಚಿಕ್ಕಮ್ಮ ಮೂರು ಥಾನ್ ಇಳಿಸಿದರು. ಒಂದನ್ನು ಬದಿಗಿಟ್ಟರು. ಉಳಿದ ಎರಡನ್ನು ಸೀರೆಯ ಮೇಲೆ ಹಾಸಿದರು. ನನಗೆ ಎರಡೂ ಒಂದೇ ಥರ ಕಂಡಿತು. ಎದ್ದು ಬಾಗಿಲಿಗೆ ಬಂದರು, ಹಿಂದೆ ನಾನೂ ಬಂದೆ. ಹೊರಗೆ ಮಳೆ ಸುರಿಯುತ್ತಿತ್ತು. ಮೋಡ ಕಟ್ಟಿ ಹಗಲೇ ಕತ್ತಲಾಗಿತ್ತು. ಅವರು ಆಕಾಶ ನೋಡಿ, ಥಾನ್‌ಗಳನ್ನು ಮಡಚಿ ಕೌಂಟರಿನ ಮೇಲಿಟ್ಟರು.

'ಕೂತ್ಕೋ. ಸ್ವಲ್ಪ ಹೊತ್ತಲ್ಲಿ ಹೊಳವಾಗುತ್ತೆ. ಆಮೇಲೆ ನೋಡೋಣ' ಅಂದರು. ಒಳಗಿನಿಂದ ಟೈಲರ್ ಎರಡು ಲೋಟ ಕಾಫಿಗೆ ಹೇಳಿ ಕಳಿಸಿದರು.